ಎಳೆ ತುಂಡಾಗದಂತೆ: ಗಣಕಯಂತ್ರದಲ್ಲಿ ರೇಖಾಚಿತ್ರ

ರಂಗವಲ್ಲಿಯ ಹಳೆಯ ನೋಟ್ ಪುಸ್ತಕಗಳು ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಇಂದಿಗೂ ಇವೆ. ನಮ್ಮ ಮನೆಯಲ್ಲಿಯೂ ಒಂದಿದೆ. ಊರಿನಿಂದ ಬರುವಾಗ ನಮ್ಮ ತಾಯಿಯವರು ಟ್ರಂಕಿನಲ್ಲಿಟ್ಟು ತಂದ ಆ ಪುಸ್ತಕದ ನೀಲಿ ಶಾಯಿ ಇಲ್ಲಿನ ಮಳೆಗಾಲಗಳ ತೇವಕ್ಕೆ ಹರಡಿಕೊಂಡು, ಕೆಲವು ಪುಟಗಳಲ್ಲಿ ಚುಕ್ಕಿಗಳಷ್ಟೇ ಉಳಿದಿವೆ. ಹಿಂದೊಮ್ಮೆ ಅದರ ಒಂದು ಪುಟವನ್ನು ಮೊಬೈಲಿನಲ್ಲಿ ಸೆರೆಹಿಡಿದು ಸ್ಮರಣಸಂಚಿಕೆಯೊಂದಕ್ಕೆ ಕಳುಹಿಸಿದ್ದೆವು. ಅಚ್ಚಾಗಿ ಬಂದಾಗ ಹಿನ್ನೆಲೆಯೆಲ್ಲ ಬೂದುಬಣ್ಣ, ಗೆರೆಗಳು ಅಲ್ಲಲ್ಲಿ ಮಾಯ. ತಾಯಿಯವರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಎಳೆನೇ ತುಂಡಾಗಿದೆಯಲ್ಲೋ, ಇದನ್ನ ಯಾರು ಬಾಗಿಲಿಗೆ ಹಾಕ್ತಾರೆ?” ಎಂದರು. ತಪ್ಪು ಅಚ್ಚುಮನೆಯದಾಗಿರಲಿಲ್ಲ, ನಮ್ಮದೇ ಆಗಿತ್ತು.

ಛಾಯಾಚಿತ್ರದಲ್ಲಿ ಗೆರೆ ಎಂಬುದು ಗೆರೆಯಾಗಿ ಇರುವುದೇ ಇಲ್ಲ. ಅಲ್ಲಿರುವುದು ಪಿಕ್ಸೆಲ್ ಎಂಬ ಬಣ್ಣದ ಚೌಕಗಳ ಸಾಲು. ಎ4 ಹಾಳೆಯೊಂದು ಇಂಚಿಗೆ 300 ಬಿಂದುಗಳಂತೆ ಅಚ್ಚಾಗಬೇಕಾದರೆ 2480 ಅಡ್ಡ, 3508 ಉದ್ದದಷ್ಟು ಪಿಕ್ಸೆಲ್‌ಗಳು ಬೇಕು. ಬರಿಯ ಕಪ್ಪು ಗೆರೆಯ ಚಿತ್ರಕ್ಕೆ 600 ಬಿಂದುಗಳಾದರೆ ಲೇಸು. ವಾಟ್ಸ್‌ಆ್ಯಪ್ ಮೂಲಕ ಹೋದ ಚಿತ್ರ ದಾರಿಯಲ್ಲಿಯೇ ಕುಗ್ಗಿಬಿಡುತ್ತದೆ. ಇನ್ನೊಂದು ವಿಧಾನವೆಂದರೆ ವೆಕ್ಟರ್. ಇದರಲ್ಲಿ ಗೆರೆಯನ್ನು ಗಣಿತದ ವಕ್ರರೇಖೆಯಾಗಿ ಉಳಿಸಲಾಗುತ್ತದೆ. ಫ್ರಾನ್ಸಿನ ರೆನೋ ಮೋಟಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯೇ 1960ರ ದಶಕದಲ್ಲಿ ಕಾರಿನ ಮೈಕಟ್ಟನ್ನು ರೂಪಿಸಲು ಬಳಸಿ ಪ್ರಸಿದ್ಧಿಗೆ ತಂದುದರಿಂದ ಆ ರೇಖೆಗೆ ಅವರದೇ ಹೆಸರು. ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೋ ಅದಕ್ಕಿಂತ ಮೊದಲೇ, 1959ರಲ್ಲಿ, ಅದೇ ಗಣಿತವನ್ನು ಕಂಡುಕೊಂಡಿದ್ದರು; ಹೆಸರು ಮಾತ್ರ ದಕ್ಕಲಿಲ್ಲ. ಇಂತಹ ಗೆರೆ ಆಮಂತ್ರಣ ಪತ್ರಿಕೆಯ ಮೂಲೆಯಲ್ಲಿದ್ದರೂ ವೇದಿಕೆಯ ಹಿಂದಿನ ಬ್ಯಾನರಿನಲ್ಲಿದ್ದರೂ ಒಡೆಯುವುದಿಲ್ಲ.

2003ರಿಂದ ಉಚಿತವಾಗಿ ದೊರೆಯುತ್ತಿರುವ ಇಂಕ್‌ಸ್ಕೇಪ್ ಎಂಬ ತಂತ್ರಾಂಶವನ್ನು ನಾವು ಬಳಸಿದೆವು. ಪುಟವನ್ನು ಸ್ಕ್ಯಾನರಿನಲ್ಲಿಟ್ಟು ಪ್ರತಿ ತೆಗೆದು, ಅದನ್ನು ಕೆಳಗಿನ ಪದರದಲ್ಲಿ ಮಸುಕಾಗಿಸಿ, ಅಲುಗದಂತೆ ಬೀಗ ಹಾಕಬೇಕು. ಅದರ ಮೇಲೆ ಹೊಸ ಪದರ. ಚುಕ್ಕಿ ರಂಗವಲ್ಲಿಯಾದರೆ ಮೊದಲು ಚೌಕಜಾಲವನ್ನು ಹರಡಿ ಚುಕ್ಕಿಗಳನ್ನು ಅದಕ್ಕೆ ಅಂಟಿಸಿಕೊಳ್ಳುವುದು ಉತ್ತಮ. ತಾಯಿಯವರ ಕೈಗೆ ಆ ಜಾಲ ಬೇಕಿರಲಿಲ್ಲ, ನಮಗೆ ಬೇಕು. ಬಳಿಕ ಪೆನ್ ಉಪಕರಣದಿಂದ ಎಳೆ ಎಳೆಯಬೇಕು. ಹೊಸಬರು ಹೆಜ್ಜೆಗೊಂದರಂತೆ ಗಂಟು ಇಡುತ್ತ ಹೋಗುವುದರಿಂದ ರೇಖೆ ಮುರುಕು ಮುರುಕಾಗುತ್ತದೆ. ಅರ್ಧವೃತ್ತದ ಒಂದು ಸುತ್ತಿಗೆ ಎರಡು ಮೂರು ಗಂಟುಗಳು ಸಾಕು. ಅವುಗಳ ಹಿಡಿಕೆಗಳನ್ನು ಎಳೆದರೆ ಬಾಗು ತಾನಾಗಿ ಮೂಡುತ್ತದೆ. ಆರಂಭದ ಗಂಟಿಗೇ ಮರಳಿ ಬಂದು ಮುಚ್ಚಬೇಕು. ಬಣ್ಣ ತುಂಬುವಾಗ ಕೂದಲೆಳೆಯಷ್ಟು ಸಂದಿಯಿದ್ದರೂ ಬಣ್ಣ ಹೊರಗೆ ಹರಿಯಬಹುದು.

ಇಷ್ಟೆಲ್ಲ ಏಕೆ, ಗಣಕಯಂತ್ರವೇ ಗುರುತಿಸಿ ಬಿಡಿಸಲಾರದೆ ಎಂದು ನಮ್ಮ ಮಗ ಕೇಳಿದ. ಆ ಸೌಲಭ್ಯವೂ ಇದೆ. ಆದರೆ ಸಾಮಾನ್ಯ ಕ್ರಮದಲ್ಲಿ ಅದು ಶಾಯಿಯ ಗೆರೆಯನ್ನು ಒಂದು ಆಕಾರವೆಂದು ತಿಳಿದು ಅದರ ಎರಡೂ ಅಂಚುಗಳನ್ನು ಬಿಡಿಸುತ್ತದೆ, ಜೊತೆಗೆ ಕಾಗದದ ಕಲೆಗಳನ್ನೂ. 2020ರ ಆವೃತ್ತಿಯಿಂದ ಗೆರೆಯ ನಡುವನ್ನೇ ಹಿಡಿಯುವ ಕ್ರಮವೂ ಸೇರಿದೆ. ಆದರೂ ಎಳೆಗಳು ಒಂದನ್ನೊಂದು ದಾಟುವ ಕಡೆಗಳಲ್ಲಿ ಅದು ತಡವರಿಸಿದ್ದನ್ನು ಕಂಡು ನಾವು ಕೈಬಿಟ್ಟೆವು.

ಮುಖ, ಮರ, ದೇವಸ್ಥಾನಗಳ ಚಿತ್ರಗಳಿಗೆ ಕ್ರಿಟಾ ಎಂಬ ಇನ್ನೊಂದು ಉಚಿತ ತಂತ್ರಾಂಶ ಅನುಕೂಲ. ಅದರಲ್ಲಿ ಕೈನಡುಕವನ್ನು ತಿದ್ದುವ ಸ್ಥಿರಕವಿದೆ. ರೇಖೆ ಲೇಖನಿಯ ಹಿಂದೆ ತುಸು ತಡವಾಗಿ ಬಂದು ನುಣುಪಾಗುತ್ತದೆ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ನಮಗೆ ಗೊತ್ತು, ನೋಡಿ ನೋಡಿ ನಿಧಾನವಾಗಿ ಬರೆದ ಗೆರೆ ನಡುಗುತ್ತದೆ, ಒಂದೇ ಬೀಸಿನದು ನಡುಗದು. ಆದುದರಿಂದ ಸ್ಥಿರಕವಿದ್ದರೂ ಮಣಿಕಟ್ಟಿನ ಬದಲು ತೋಳಿನಿಂದ ವೇಗವಾಗಿ ಎಳೆಯುವುದೇ ಸರಿ. ಹೊರ ಅಂಚು ದಪ್ಪ, ಒಳವಿವರ ತೆಳು, ನೆರಳಿನ ಬದಿ ಇನ್ನೂ ದಪ್ಪ. ಮೈಸೂರಿನಲ್ಲಿ ಜನಿಸಿ ಮುಂಬಯಿಯಲ್ಲಿ ಹೆಸರಾದ ಆರ್. ಕೆ. ಲಕ್ಷ್ಮಣರ ವ್ಯಂಗ್ಯಚಿತ್ರಗಳನ್ನು ನೋಡಿದರೆ ಈ ದಪ್ಪ-ತೆಳುವಿನ ಬೆಲೆ ತಿಳಿದೀತು. ರಂಗವಲ್ಲಿಗೆ ಮಾತ್ರ ಈ ನಿಯಮ ಸಲ್ಲದು; ಅಲ್ಲಿ ಎಳೆ ಆದಿಯಿಂದ ಅಂತ್ಯದವರೆಗೆ ಒಂದೇ ಸಮ.

ಶಾಯಿ ಅಳಿದ ಪುಟಗಳಿಗೆ ತಾಯಿಯವರೇ ಪಕ್ಕದಲ್ಲಿ ಕುಳಿತು, ಪರದೆಯ ಮೇಲೆ ಬೆರಳಾಡಿಸುತ್ತ ದಾರಿ ಹೇಳಿದರು. ಹದಿನೈದು ಚುಕ್ಕಿಯ ಒಂದು ಪುಟ ಮಾತ್ರ ಅವರಿಗೂ ನೆನಪಾಗಲಿಲ್ಲ. ಅದರ ಚುಕ್ಕಿಗಳನ್ನಷ್ಟೇ ಇಟ್ಟು ಕಡತವನ್ನು ಹಾಗೆಯೇ ಉಳಿಸಿದ್ದೇವೆ.