ಗೃಹಶುದ್ಧಿ ಮತ್ತು ಸುಗಂಧ ತೈಲ

ಮಹಾನವಮಿ ಸಮೀಪಿಸಿತೆಂದರೆ ರಾಯಚೂರು ಸೀಮೆಯ ಮನೆಗಳಲ್ಲಿ ಸಡಗರ ಮೊದಲಾಗುವುದೇ ಪೊರಕೆಯಿಂದ. ಗೋಡೆಗೆ ಸುಣ್ಣ, ಶಹಾಬಾದಿ ಬಂಡೆಯ ನೆಲಕ್ಕೆ ನೀರು, ಹಿತ್ತಾಳೆಯ ಪಾತ್ರೆಗಳಿಗೆ ಹುಣಸೆಹಣ್ಣು, ದೇವರ ಜಗಲಿಗೆ ಹೊಸ ಕಳೆ. ಮನೆಯನ್ನು ಶುಚಿಯಾಗಿಡುವುದೂ ಕಾಯಕವೇ ಎಂದು ನಮ್ಮ ತಾಯಂದಿರು ಬಗೆದು ಬಂದಿದ್ದಾರೆ. ಈಚಿನ ವರ್ಷಗಳಲ್ಲಿ ಈ ಕಾಯಕಕ್ಕೆ ಮತ್ತೊಂದು ಸಾಮಗ್ರಿ ಸೇರಿದೆ. ಫಿನಾಯಿಲಿನ ಬದಲು ನೀಲಗಿರಿ, ಮಜ್ಜಿಗೆ ಹುಲ್ಲು, ಕಿತ್ತಳೆ ಸಿಪ್ಪೆ ಮೊದಲಾದವುಗಳ ಎಣ್ಣೆಯನ್ನು ನೀರಿಗೆ ಬೆರೆಸಿ ನೆಲ ಒರೆಸುವ ರೂಢಿ ಅನೇಕ ಮನೆಗಳಲ್ಲಿ ಬಂದಿದೆ.

ನಾವೂ ಇದನ್ನು ಮೆಚ್ಚಿದವರೇ. ಮಾನ್ವಿಯಲ್ಲಿ ಒಮ್ಮೆ ಪ್ರವಚನ ಹೇಳುವಾಗ, ಪ್ರಕೃತಿಯ ವಸ್ತುವಿನಿಂದ ಕೇಡಿಲ್ಲವೆಂದು ನುಡಿದಿದ್ದೆವು. ಆ ಮಾತಿನ ಋಣವನ್ನು ತೀರಿಸಲೆಂದೇ ಈ ಲೇಖನ.

ಮರುವರ್ಷದ ಶ್ರಾವಣದಲ್ಲಿ ದೇವದುರ್ಗ ತಾಲೂಕಿನ ಒಂದು ಗ್ರಾಮಕ್ಕೆ ಹೋಗಿದ್ದೆವು. ನಾವು ಇಳಿದುಕೊಂಡಿದ್ದ ಮನೆಯಲ್ಲಿ ನೀಲಗಿರಿ ಎಣ್ಣೆಯನ್ನು ತಂಪು ಪಾನೀಯದ ಸಣ್ಣ ಬಾಟಲಿಗೆ ತುಂಬಿ ಬಚ್ಚಲಿನ ಗೂಡಿನಲ್ಲಿ ಇಟ್ಟಿದ್ದರು. ಮೂರು ವರ್ಷದ ಮಗು ಅದನ್ನು ಬಾಯಿಗಿಟ್ಟಿತು. ಸ್ವಲ್ಪ ಹೊತ್ತಿನಲ್ಲಿಯೇ ಕೆಮ್ಮು, ಆಮೇಲೆ ಮಂಪರು. ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮುಂದಾದರು. ಅಲ್ಲಿದ್ದ ಶಾಲಾ ಶಿಕ್ಷಕರೊಬ್ಬರು ತಡೆದು, ಬಾಟಲಿಯ ಸಮೇತ ಮಗುವನ್ನು ದೇವದುರ್ಗಕ್ಕೂ, ಅಲ್ಲಿಂದ ರಾಯಚೂರಿಗೂ ಸಾಗಿಸಿದರು. ಮಗು ಉಳಿಯಿತು. ಆದರೆ ಆ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತ ತಾಯಿ, "ನೀವ ಹೇಳಿದ್ರಲ್ಲರೀ ಗುರುಗಳ, ಅದಕ್ಕ ತಂದಿದ್ವಿ" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಎಣ್ಣೆಗಳ ಸ್ವಭಾವವನ್ನು ಮೊದಲು ಅರಿಯಬೇಕು. ಕುಸುಬೆ, ಶೇಂಗಾ ಎಣ್ಣೆಗಳಂತೆ ಇವು ಗಾಣದಿಂದ ಬಂದವಲ್ಲ. ಹೆಚ್ಚಿನವು ಎಲೆ, ತೊಗಟೆ, ಕಟ್ಟಿಗೆಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿ ಪಡೆದ ಸಾರ. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧದ ಎಣ್ಣೆಯನ್ನು 1916ರಲ್ಲಿ ಭಟ್ಟಿ ಇಳಿಸಲಾರಂಭಿಸಿದ್ದೂ ಇದೇ ವಿಧಾನದಿಂದ. ನೂರು ಕಿಲೋ ನೀಲಗಿರಿ ಎಲೆಯಿಂದ ಒಂದೆರಡು ಕಿಲೋ ಎಣ್ಣೆ ದೊರೆಯುವುದು. ಎಲೆಯಲ್ಲಿ ಸೌಮ್ಯವಾಗಿದ್ದುದು ಸೀಸೆಯಲ್ಲಿ ಉಗ್ರವಾಗುವುದು ಇದರಿಂದಲೇ. ಚಿಕ್ಕ ಮಗುವಿಗೆ ಒಂದು ಚಮಚದಷ್ಟು, ಅಂದರೆ 5 ಮಿಲಿಲೀಟರ್ ನೀಲಗಿರಿ ಎಣ್ಣೆಯೂ ಅಪಾಯಕರ. ಮಂಪರು, ಸೆಳವು ಬರಬಹುದು. ಕರ್ಪೂರವೂ ಹಾಗೆಯೇ. ಪೂಜೆಯ ತಟ್ಟೆಯಲ್ಲಿರುವ ಬಿಲ್ಲೆಯನ್ನು ಕಲ್ಲುಸಕ್ಕರೆಯೆಂದು ಮಗು ನುಂಗಿದರೆ ಸೆಳವು ಬರುವುದುಂಟು. ಬೇವಿನ ಎಣ್ಣೆ ಗಾಣದ ಎಣ್ಣೆಯೇ ಆದರೂ ಹಸುಗೂಸಿಗೆ ಕುಡಿಸತಕ್ಕದ್ದಲ್ಲ.

ಫಿನಾಯಿಲೆಲ್ಲವೂ ರಾಸಾಯನಿಕ, ಎಣ್ಣೆಯೆಲ್ಲವೂ ನಿರಪಾಯ ಎಂಬ ಭೇದವೂ ಸರಿಯಲ್ಲ. ನೀರಿಗೆ ಹಾಕಿದೊಡನೆ ಹಾಲಿನಂತಾಗುವ ಬಿಳಿ ಫಿನಾಯಿಲಿನಲ್ಲಿ ಸಾಮಾನ್ಯವಾಗಿ ಇರುವುದು ಪೈನ್ ಮರದ ಎಣ್ಣೆಯೇ.

ಹಾಗಾದರೆ ಬಳಸಲೇಬಾರದೆ? ಬಳಸಬಹುದು, ಕ್ರಮವರಿತು. ಎಣ್ಣೆ ನೀರಿನಲ್ಲಿ ಕರಗದು. ಬರಿಯ ನೀರಿಗೆ ಹಾಕಿದರೆ ಮೇಲೆ ತೇಲಿ, ನೆಲದ ಒಂದೆಡೆ ಜಾರಿಕೆಯಾಗಿ, ಕೈಗೆ ಉರಿ ತಂದೀತು. ಆದುದರಿಂದ ಮೊದಲು ಸಾಬೂನಿನ ನೀರಿನಲ್ಲಾಗಲಿ, ಅಂಟುವಾಳಕಾಯಿಯ ಕಷಾಯದಲ್ಲಾಗಲಿ ಹತ್ತು ಹನಿ ಎಣ್ಣೆಯನ್ನು ಚೆನ್ನಾಗಿ ಕದಡಿ, ಅನಂತರ ಒಂದು ಬಕೆಟ್ ನೀರಿಗೆ ಸೇರಿಸಬೇಕು. ಹೆಚ್ಚು ಹಾಕಿದರೆ ಹೆಚ್ಚು ಶುದ್ಧಿ ಎಂಬುದು ಭ್ರಮೆ. ಕಿಟಕಿ ತೆರೆದಿರಲಿ. ಉಬ್ಬಸದವರಿರುವ ಕೋಣೆಯಲ್ಲಿ ಬಳಸದಿರುವುದೇ ಲೇಸು. ಬೆಕ್ಕಿನ ಯಕೃತ್ತು ಇಂಥ ಎಣ್ಣೆಗಳನ್ನು ಸುಲಭವಾಗಿ ಅರಗಿಸಲಾರದು. ಅದು ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕುವುದೆಂಬುದು ನೆನಪಿರಲಿ.

ನಮ್ಮ ಬೇಸಿಗೆಯನ್ನು ಮರೆಯಬಾರದು. ರಾಯಚೂರಿನಲ್ಲಿ ಉಷ್ಣತೆ 40 ಡಿಗ್ರಿ ಮೀರುವುದು ಪ್ರತಿ ವರ್ಷದ ಮಾತು. ತಗಡಿನ ಛಾವಣಿಯಡಿ ಅದಕ್ಕಿಂತಲೂ ಹೆಚ್ಚು. ನೀಲಗಿರಿ, ಕಿತ್ತಳೆ ಎಣ್ಣೆಗಳ ಆವಿ ಸುಮಾರು 50 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ಒಲೆ, ದೀಪಗಳ ಬಳಿ ಸೀಸೆ ಇಡಬಾರದು. ಕೆಲವು ಪ್ಲಾಸ್ಟಿಕ್‌ಗಳನ್ನು ಈ ಎಣ್ಣೆ ಕರಗಿಸುವುದರಿಂದ ಕಂದು ಬಣ್ಣದ ಗಾಜಿನ ಸೀಸೆಯೇ ಯೋಗ್ಯ. ಶಹಾಬಾದಿ ಬಂಡೆ ಸುಣ್ಣಕಲ್ಲಿನ ಜಾತಿ. ಅದರ ಮೇಲೆ ನಿಂಬೆರಸ, ಹುಣಸೆ ಬಿದ್ದರೆ ಕಲ್ಲು ತಿಂದುಹೋಗಿ ಕಳೆಗುಂದುವುದು. ಅಂಥ ನೆಲಕ್ಕೆ ಸಾಬೂನಿನ ನೀರು ಸಾಕು.

ಸುವಾಸನೆ ಬೇರೆ, ರೋಗನಿವಾರಣೆ ಬೇರೆ. ಮನೆಯಲ್ಲಿ ವಾಂತಿಭೇದಿಯಾದಾಗ ಬಚ್ಚಲು, ಪಾಯಖಾನೆಗಳಿಗೆ ಬ್ಲೀಚಿಂಗ್ ಪುಡಿಯೇ ಬೇಕು. ಅದರೊಡನೆ ಆಮ್ಲವನ್ನಾಗಲಿ, ನಿಂಬೆರಸವನ್ನಾಗಲಿ, ಬೇರೆ ಯಾವ ದ್ರವವನ್ನಾಗಲಿ ಬೆರೆಸಬಾರದು. ಆಮ್ಲ ಬೆರೆತರೆ ವಿಷಗಾಳಿ ಏಳುವುದು.

ಮಗು ಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಕೇಡು ಇಮ್ಮಡಿಯಾಗುವುದು. ಕೂಡಲೇ 108ಕ್ಕೆ ಕರೆ ಮಾಡಿ, ಸೀಸೆಯನ್ನು ಜೊತೆಗೊಯ್ಯಿರಿ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ವೈದ್ಯರಿಗೆ ತೋರಿಸಿರಿ.

ಪ್ರಕೃತಿಯಿಂದ ಕೇಡಿಲ್ಲವೆಂಬ ನಮ್ಮ ಮಾತನ್ನು ನಾವು ಹಿಂದಕ್ಕೆ ಪಡೆದಿದ್ದೇವೆ. ಮಾನ್ವಿಯ ಅದೇ ವೇದಿಕೆಯಲ್ಲಿ ನಿಂತು ತಪ್ಪನ್ನು ಒಪ್ಪಿಕೊಂಡಿದ್ದೇವೆ. ಓದುಗ ಬಂಧುಗಳು ಈ ಪುಟವನ್ನು ಮಡಿಸಿಡುವ ಮುನ್ನ ಒಮ್ಮೆ ಎದ್ದು, ತಮ್ಮ ಮನೆಯ ಸೀಸೆ ಎಲ್ಲಿದೆಯೆಂದು ನೋಡಲಿ. ಅದು ಮಗುವಿನ ಕೈಗೆ ಎಟುಕುವಂತಿದ್ದರೆ ಇಂದೇ ಹೆಸರು ಬರೆದ ಚೀಟಿ ಅಂಟಿಸಿ, ಬೀಗವಿರುವ ಕಪಾಟಿಗೆ ಏರಿಸಲಿ. ಹಬ್ಬದ ಶುದ್ಧಿ ಅಲ್ಲಿಂದಲೇ ಮೊದಲಾಗಲಿ.