ಫರ್ಸಿ ಸೀಮೆಯ ಮಾಳಿಗೆ ಮನೆಗಳು

ಶಹಾಬಾದ ಕಲ್ಲನ್ನು ಗರಗಸ ಹಾಕಿ ಕೊಯ್ಯಬೇಕಾಗಿಲ್ಲ. ಗಣಿಯ ಗೋಡೆಯಲ್ಲಿ ಅದರ ಪದರುಗಳು ಬರಿಗಣ್ಣಿಗೇ ಕಾಣುತ್ತವೆ. ಸಂದಿಗೆ ಉಳಿ ಕೊಟ್ಟು, ನಾಲ್ಕಾರು ಕಡೆ ಹದವಾಗಿ ಬಡಿದು, ಹಾರೆಯಿಂದ ಮೀಟಿದರೆ ರೊಟ್ಟಿಯ ಪದರು ಎದ್ದಂತೆ ಚಪ್ಪಡಿ ಎದ್ದು ಬರುತ್ತದೆ. ಮೈ ಆಗಲೇ ಸಪಾಟಾಗಿರುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯ ಜನರಿಗೆ ಇದು ಫರ್ಸಿ. ನೆಲಕ್ಕೆ, ಅಡುಗೆ ಕಟ್ಟೆಗೆ, ಮೆಟ್ಟಿಲಿಗೆ, ಗೋಡೆಯ ಮಾಡಕ್ಕೆ ಎಲ್ಲಕ್ಕೂ ಅದೇ. ಹಿತ್ತಲಿನ ಸುತ್ತ ಬೇಲಿಯಾಗಿ ನೆಟ್ಟಿದ್ದೂ ಅದೇ.

ಈ ಕಲ್ಲಿನ ನಂಟು ಇಂದಿನದಲ್ಲ. ಭೀಮೆಯ ದಂಡೆಯ ಸನ್ನತಿಗೆ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ್ದು ಇದೇ ಜಾತಿಯ ಸುಣ್ಣಕಲ್ಲಿನ ಚಪ್ಪಡಿಗಳನ್ನು. ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿ, ಪಕ್ಕದಲ್ಲೇ ಅವನ ರೂಪ ಬಿಡಿಸಿದ ಫಲಕ ಸಿಕ್ಕಿದ್ದು ಅಲ್ಲಿಯೇ.

ಇಲ್ಲಿನ ಹಳೆಯ ಮಾಳಿಗೆ ಮನೆ ಬೀದಿಗೆ ಬೆನ್ನು ಹಾಕಿ ಕೂತಿರುತ್ತದೆ. ಕಿಟಕಿ ಕಡಿಮೆ, ಬಾಗಿಲು ಗಿಡ್ಡ, ಗೋಡೆ ಎರಡು ಅಡಿಗೂ ದಪ್ಪ. ಒಳಗೆ ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಫರ್ಸಿ, ಅದರ ಮೇಲೆ ಮಣ್ಣು. ಎಂಥ ಮಣ್ಣೂ ಆಗದು, ಸವಳು ಮಣ್ಣೇ ಬೇಕು. ಮೊದಲ ಹನಿ ಬಿದ್ದಾಗ ಅದರ ಸಣ್ಣ ಕಣಗಳು ಬಿಡಿಸಿಕೊಂಡು ರಂಧ್ರ ಮುಚ್ಚುತ್ತವೆ, ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಪಾದರಸ ನಲವತ್ತು ಡಿಗ್ರಿ ದಾಟುವ ಊರುಗಳಿವು. ದಪ್ಪ ಗೋಡೆಯನ್ನು ಹಾದು ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಮಂದಿ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಇದಕ್ಕಿಂತ ಚಂದದ ಲೆಕ್ಕಾಚಾರ ನನಗೆ ಕಾಣದು.

ಆದರೆ ಈ ಮನೆಗಳನ್ನು ಬರೀ ಹೊಗಳುವುದು ಸತ್ತವರಿಗೆ ಅನ್ಯಾಯ. 1993ರ ಸೆಪ್ಟೆಂಬರ್ 30ರ ನಸುಕು, ಗಣಪತಿ ಕಳಿಸಿ ಮಲಗಿದ್ದ ಜನರ ಮೇಲೆ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿ ಸೀಮೆಯಲ್ಲಿ ಭೂಕಂಪಕ್ಕೆ ಇಂಥವೇ ಮನೆಗಳು ಕುಸಿದವು. ಸಾವಿರಾರು ಮಂದಿ ಮಣ್ಣಡಿ ಸತ್ತರು. ಕಲಬುರಗಿಯಲ್ಲೂ ನೆಲ ನಡುಗಿತ್ತು. ಕಲ್ಲಿನ ಮನೆಯ ಮೇಲಿನ ನಂಬಿಕೆ ಅಂದು ಮುರಿಯಿತು.

ಕಾರಣವನ್ನು ಬಿಡಿಸಿ ನೋಡಬೇಕು. ಆ ಗೋಡೆಗಳು ಒಂದಲ್ಲ, ಎರಡು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಜಲ್ಲಿ, ಮಣ್ಣು. ಎರಡನ್ನೂ ಕಚ್ಚಿ ಹಿಡಿಯಲು ಗೋಡೆಯ ದಪ್ಪಕ್ಕೂ ಚಾಚುವ ಅಡ್ಡಗಲ್ಲು ಬೇಕಿತ್ತು. ಬಹಳಷ್ಟು ಕಡೆ ಅದು ಇರಲೇ ಇಲ್ಲ. ಮೇಲೆ, ಸೋರದಿರಲೆಂದು ಮಳೆಗಾಲದ ಮುಂಚೆ ಹಾಕುತ್ತ ಬಂದ ಮಣ್ಣು ವರ್ಷದಿಂದ ವರ್ಷಕ್ಕೆ ಏರಿತ್ತು. ನೆಲ ಅಲುಗಿದಾಗ ಗೋಡೆಯ ಎರಡು ಸಾಲು ಬೇರೆಯಾದವು, ಮಾಳಿಗೆಯ ಭಾರವೆಲ್ಲ ಕೆಳಗೆ ಬಂತು. ತಪ್ಪು ಕಲ್ಲಿನದಲ್ಲ, ಕಟ್ಟುವಾಗ ಉಳಿಸಿದ ಶ್ರಮದ್ದು.

ಮದ್ದೂ ಇದೆ. ಭೂಕಂಪದ ನಂತರ ಎಂಜಿನಿಯರುಗಳು ತೋರಿಸಿಕೊಟ್ಟದ್ದು: ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ ತೂತು ಮಾಡಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬುವುದು, ಮಾಳಿಗೆಯ ಮಣ್ಣು ಇಳಿಸಿ ಹಗುರ ಮಾಡುವುದು, ಮನೆಯ ಸುತ್ತ ಪಟ್ಟಿ ಕಟ್ಟುವುದು. ಕೆಡವಿ ಕಟ್ಟುವುದೊಂದೇ ದಾರಿಯಲ್ಲ.

ಆದರೂ ಕೆಡವುವುದೇ ನಡೆದಿದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಇದೇ ಸೀಮೆಯ ಸುಣ್ಣಕಲ್ಲು ಪುಡಿಯಾಗಿ, ಬೆಂದು, ಸಿಮೆಂಟಾಗಿ ಅದೇ ಊರುಗಳಿಗೆ ವಾಪಸು ಬರುತ್ತದೆ. ನಾಲ್ಕಿಂಚಿನ ಸ್ಲ್ಯಾಬಿನಡಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂರಲಾಗದೆ ಜನ ಕೂಲರ್ ಕೊಳ್ಳುತ್ತಾರೆ. ಜಿಲ್ಲೆಯ ಗೌಂಡಿಗಳಿಗೆ ಅಡ್ಡಗಲ್ಲು ಕೂಡಿಸುವುದನ್ನು, ಹಳೆಯ ಗೋಡೆ ಬಿಗಿ ಮಾಡುವುದನ್ನು ಕಲಿಸುವ ಕೆಲಸ ನಿರ್ಮಿತಿ ಕೇಂದ್ರದಂಥ ಸಂಸ್ಥೆಯಿಂದ ಆಗಬೇಕು. ಆ ಕೈಗಳು ಇರುವಾಗಲೇ, ಗಣಿಯಲ್ಲಿ ಚಪ್ಪಡಿ ಏಳುತ್ತಿರುವಾಗಲೇ.