ತಲಕಾಡಿನ ಮರಳಲ್ಲಿ ಡಬ್ಬಿ ಹುಡುಕೋಣ ಬನ್ನಿ

‘ಗೆಳತಿಯರ ಜೊತೆ ಇಡೀ ದಿನ ಹೊರಗಾ? ಮನೇಲಿ ಅಡುಗೆ ಯಾರು ಮಾಡ್ತಾರ್ರೀ?’ ಅಂತೀರಾ? ಹಿಂದಿನ ರಾತ್ರಿಯೇ ಹುಳಿ ಮಾಡಿ ಫ್ರಿಜ್ಜಿನಲ್ಲಿಡಿ. ಅನ್ನಕ್ಕೆ ಕುಕ್ಕರ್ ಇಡೋದು ಮನೆಯವರಿಗೂ ಬರುತ್ತೆ. ಬಾರದಿದ್ದರೆ ಅವತ್ತು ಕಲಿಯಲಿ!

ವಿದ್ಯಾರಣ್ಯಪುರಂನ ಪಾರ್ಕಿನಲ್ಲಿ ದಿನಾ ಜೊತೆಯಾಗಿ ವಾಕ್ ಮಾಡುವ ನಾಲ್ಕೈದು ಗೆಳತಿಯರಿದ್ದರೆ ಸಾಕು, ಜಿಯೋಕ್ಯಾಶಿಂಗ್ ಆಡಬಹುದು. ಅಂದರೆ ಮೊಬೈಲಿನ ಜಿಪಿಎಸ್ ಹಿಡಿದು, ಬಚ್ಚಿಟ್ಟ ಡಬ್ಬಿ ಹುಡುಕುವ ಆಟ. 2000ದ ಮೇ 3ರಂದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವರು ಕಾಡಿನಲ್ಲೊಂದು ಬಕೆಟ್ ಇಟ್ಟು, ಅದರ ಅಕ್ಷಾಂಶ, ರೇಖಾಂಶ ಪ್ರಕಟಿಸಿದರು. ಅಲ್ಲಿಂದ ಶುರುವಾದ ಆಟವಿದು.

ಬೇರೆ ದೇಶಗಳಲ್ಲಿ ಇದನ್ನು ಮರುಭೂಮಿಯಲ್ಲೂ ಆಡ್ತಾರೆ. ನಮಗೆ ಮರುಭೂಮಿ ಎಲ್ಲಿಂದ ಬರಬೇಕು? ಕಾವೇರಿ ದಂಡೆಯ ತಲಕಾಡು ಇದೆಯಲ್ಲ! ಮೈಸೂರಿನಿಂದ ಸುಮಾರು 45 ಕಿ.ಮೀ. ದೇವಸ್ಥಾನಗಳನ್ನೇ ಮುಚ್ಚಿಹಾಕಿದ ಮರಳದು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡೂ ಬೇಡ. ಆಧಾರ್ ಕಾರ್ಡ್ ಮರೀಬೇಡಿ.

ಆಡುವುದು ಹೇಗೆ?

* ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪುಟ್ಟ ನೋಟ್‌ಬುಕ್, ಪೆನ್ಸಿಲ್, ಬಳೆ, ಕ್ಲಿಪ್ಪು ಇಡಿ. ತಿಂಡಿ ಬೇಡ, ಇರುವೆ ಮುತ್ತುತ್ತೆ.

* ಇಬ್ಬರು ಮುಂದೆ ಹೋಗಿ ಮರದ ಬುಡದಲ್ಲೋ ಪೊದೆಯ ಮರೆಯಲ್ಲೋ ಡಬ್ಬಿ ಇಡಲಿ. ಮ್ಯಾಪಿನಲ್ಲಿ ಆ ಜಾಗವನ್ನು ಒತ್ತಿ ಹಿಡಿದರೆ ಅಂಕಿಗಳು ಬರುತ್ತವೆ. ಉಳಿದವರಿಗೆ ಅದನ್ನೇ ಕಳಿಸಲಿ.

* ಅಂಕಿ ತಪ್ಪದಂತೆ ನೋಡಿಕೊಳ್ಳಿ. ದಶಮಾಂಶದ ನಂತರದ ಮೂರನೇ ಅಂಕಿಯಲ್ಲಿ ಒಂದು ವ್ಯತ್ಯಾಸವಾದರೂ ನೂರು ಮೀಟರ್ ಆಚೆ ಹುಡುಕ್ತಾ ಇರ್ತೀರಿ! ಸರಿಯಿದ್ದರೂ ಮೊಬೈಲು ಕೆಲವು ಮೀಟರ್ ಹತ್ತಿರಕ್ಕಷ್ಟೇ ಕರೆದೊಯ್ಯುತ್ತದೆ, ಮುಂದಿನ ಕೆಲಸ ಕಣ್ಣಿನದು.

* ಸಿಕ್ಕಿದವರು ಹೆಸರು ಬರೆದು, ಒಂದು ವಸ್ತು ತಗೊಂಡು, ತಮ್ಮದೊಂದು ಇಡಬೇಕು. ಸಂಜೆ ಡಬ್ಬಿ ಮನೆಗೆ ವಾಪಸ್.

ನೆನಪಿರಲಿ

ಮರಳು ಅಗೆಯಲೇಬೇಡಿ. ಡಬ್ಬಿ ಹೂಳಬಾರದೆಂಬುದು ಈ ಆಟದ ನಿಯಮ. ಮೇಲಾಗಿ ತಲಕಾಡು ಪುರಾತತ್ವ ಇಲಾಖೆ ಉತ್ಖನನ ನಡೆಸಿದ ಜಾಗ. ದೇವಸ್ಥಾನದ ಆವರಣದಿಂದ ದೂರವೇ ಆಡಿ. ಹತ್ತು ಗಂಟೆಯೊಳಗೆ ಆಟ ಮುಗಿಸಿ, ಆಮೇಲೆ ಮರಳು ಕಾಲು ಸುಡುತ್ತದೆ. ಚಪ್ಪಲಿ, ಟೋಪಿ, ತಲಾ ಎರಡು ಲೀಟರ್ ನೀರು ಬೇಕೇ ಬೇಕು. ಹೊಳೆ ಶಾಂತವಾಗಿ ಕಂಡರೂ ಸುಳಿ, ಗುಂಡಿಗಳಿವೆ. ಪಾದ ನೆನೆಸಿದ್ದು ಸಾಕು, ಆಳಕ್ಕೆ ಇಳಿಯಬೇಡಿ.

‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?’ ಎಂದು ಯಾರಾದರೂ ಕೇಳಬಹುದು. ಎಲ್ಲಿಗೆ ಹೋದರೂ ಗಂಡನೋ ಮಗನೋ ದಾರಿ ತೋರಿಸಿ ನಮಗೆ ರೂಢಿಯಾಗಿಬಿಟ್ಟಿದೆ. ಮ್ಯಾಪ್ ನೋಡಲು, ತಾನಿರುವ ಜಾಗವನ್ನು ಇನ್ನೊಬ್ಬರಿಗೆ ಕಳಿಸಲು ಎಷ್ಟೋ ಗೃಹಿಣಿಯರಿಗೆ ಬರುವುದಿಲ್ಲ. ರಾತ್ರಿ ಆಟೋ ಬೇರೆ ದಾರಿ ಹಿಡಿದಾಗ, ಊರಾಚೆ ಸ್ಕೂಟಿ ಕೆಟ್ಟು ನಿಂತಾಗ ಕೈಹಿಡಿಯುವ ವಿದ್ಯೆ ಇದೇ. ಕಲಿಸುವವರು ಗೆಳತಿಯರಾದರೆ ತಪ್ಪಿದರೂ ನಗು, ಬೈಗುಳವಿಲ್ಲ.

ಮುಂದಿನ ಭಾನುವಾರ ಯಾರು ಡಬ್ಬಿ ತರ್ತೀರಿ, ಯಾರು ಚಿತ್ರಾನ್ನ ತರ್ತೀರಿ ಎಂದು ಇವತ್ತೇ ಮಾತಾಡಿಕೊಳ್ಳಿ. ಬಸ್ಸಿನಲ್ಲಿ ಮ್ಯಾಪ್ ಮಾತ್ರ ಸರದಿಯ ಮೇಲೆ ಎಲ್ಲರ ಕೈಗೂ ಬರಲಿ.